ನಡುವಿನ ಸ್ಪೀಕರ್

ಸ್ಪೀಕರ್ ಐದು ಸಾಕಾ, ಏಳು ಬೇಕಾ ಎಂದು ನಾನು ಮೂರು ವಾರ ತಲೆ ಕೆಡಿಸಿಕೊಂಡೆ. ಮಗಳಿಗೆ ಗಂಡು ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ ಎಂದು ಹೆಂಡತಿ ಫಸೀಲಾ ಚುಚ್ಚಿದಳು. ಅವಳು ಹೇಳಿದ್ದು ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷ ಶಾರ್ಜಾದಲ್ಲಿ, ಎಂಟು ಜನ ಮಲಗುವ ರೂಮಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಿನಿಮಾ ನೋಡಿದವನು ನಾನು. ಕಾಪುವಿನ ನಮ್ಮ ಮನೆಯ ಮಹಡಿಯಲ್ಲಿ ನನ್ನದೇ ಒಂದು ಥಿಯೇಟರ್ ಆಗಬೇಕು ಎಂಬುದು ಆಗಿನ ಹಠ.

ಉಡುಪಿಯ ಅಂಗಡಿಗೆ ಐದು ಸಲ ಹೋದೆ. ಅಂಗಡಿಯ ಉಮಾನಾಥ ತಾಳ್ಮೆಯ ಮನುಷ್ಯ. ಕತ್ತಲೆ ಕೋಣೆಯಲ್ಲಿ ಕೂರಿಸಿ ನನ್ನ ತಲೆಯ ಮೇಲೆ ಹೆಲಿಕಾಪ್ಟರ್ ಹಾರಿಸಿದ, ಬೆನ್ನ ಹಿಂದೆ ಗಾಜು ಒಡೆಸಿದ. ನಾನು ಮಣಿಪಾಲದ ಇನ್ನೊಂದು ಅಂಗಡಿಯಲ್ಲಿ ಕೇಳಿದ್ದನ್ನು ಇವನಿಗೆ ಹೇಳಿ, ಇವನು ಹೇಳಿದ್ದನ್ನು ಅಲ್ಲಿ ಹೇಳಿ, ಇಬ್ಬರ ತಲೆಯನ್ನೂ ತಿಂದೆ.

"ಎಷ್ಟು ಸ್ಪೀಕರ್ ಬೇಕಾದರೂ ಹಾಕುವ ಮಾರಾಯ್ರೆ," ಎಂದ ಉಮಾನಾಥ ಕಡೆಗೆ. "ಆದರೆ ನಡುವಿನ ಸ್ಪೀಕರ್ ಮಾತ್ರ ಒಳ್ಳೆಯದು ತಗೊಳ್ಳಿ. ಮನುಷ್ಯರ ಮಾತು ಬರುವುದು ಅದರಲ್ಲೇ. ಉಳಿದದ್ದೆಲ್ಲ ಬರೀ ಗದ್ದಲ."

ನನ್ನ ಹೆತ್ತ ಉಮ್ಮ ಕುಂಞಿಪಾತುಮ್ಮನಿಗೆ ಬೇಕಾಗಿದ್ದದ್ದೂ ಒಬ್ಬ ಮನುಷ್ಯನ ಮಾತೇ. ಅದನ್ನು ಅವಳು ನನ್ನಲ್ಲಿ ಎಷ್ಟು ವರ್ಷದಿಂದ ಕೇಳುತ್ತಿದ್ದಳು ಎಂದು ನೆನೆದರೆ ಈಗ ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ.

ನನ್ನ ಬಾಪ ಪುತ್ತುಬ್ಬ ಸೌದಿಯ ದಮ್ಮಾಮಿನಲ್ಲಿದ್ದ ಕಾಲಕ್ಕೆ ಮನೆಯಲ್ಲಿ ಫೋನಿರಲಿಲ್ಲ, ಉಮ್ಮನಿಗೆ ಓದು ಬರುತ್ತಿರಲಿಲ್ಲ. ಬಾಪ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಕೇಳಿ ಮುಗಿದ ಮೇಲೆ ಉಮ್ಮ ಅದೇ ಕ್ಯಾಸೆಟ್ಟಿನಲ್ಲಿ ಉತ್ತರ ತುಂಬಿಸುವಳು. ಅವರ ಮಾತು ಅಳಿಸಿ ಇವಳ ಮಾತು, ಇವಳದ್ದು ಅಳಿಸಿ ಅವರದ್ದು. ನನಗೆ ಒಂಬತ್ತು ವರ್ಷವಾಗಿದ್ದಾಗ ಬಾಪ ಅಲ್ಲೇ ತೀರಿಕೊಂಡರು, ಅಲ್ಲಿಯೇ ದಫನವೂ ಆಯಿತು. ಅವರ ಕೊನೆಯ ಕ್ಯಾಸೆಟ್ಟನ್ನು ಪಕ್ಕದೂರು ಇನ್ನಂಜೆಯವರೊಬ್ಬರು ತಂದುಕೊಟ್ಟದ್ದು ಸುದ್ದಿ ಬಂದು ಹದಿನೈದು ದಿನದ ಮೇಲೆ. ಉತ್ತರ ಕಳಿಸುವುದಕ್ಕೆ ಆ ಕಡೆ ಯಾರೂ ಇರಲಿಲ್ಲವಲ್ಲ, ಹಾಗಾಗಿ ಅದೊಂದು ಅಳಿಯದೆ ಉಳಿಯಿತು.

ಉಮ್ಮ ಅದನ್ನು ಹಾಕಿದಾಗಲೆಲ್ಲ ನಾನು ಹೊರಗೆ ಹೋಗುತ್ತಿದ್ದೆ. ಅವಳು ಅಳುವುದನ್ನು ನೋಡಲಾರದೆ ಎಂದರೆ ಕೇಳಲು ಚಂದ. ನಿಜವಾಗಿ ನನಗೆ ಬೇಜಾರು ಬರುತ್ತಿತ್ತು, ಅಷ್ಟೇ. ದೊಡ್ಡವನಾದ ಮೇಲೆ ನಾನೂ ಗಲ್ಫಿಗೆ ಹೋದೆ. ಕೆಲವು ವರ್ಷಗಳ ಹಿಂದೆ ಟೇಪ್ ರೆಕಾರ್ಡರ್ ತಿರುಗುವುದನ್ನು ನಿಲ್ಲಿಸಿತು. ಅಂದಿನಿಂದ ಪ್ರತಿ ರಜೆಯಲ್ಲೂ ಉಮ್ಮನದ್ದು ಒಂದೇ ಮಾತು.

"ಮೋನೆ, ಅದನ್ನೊಮ್ಮೆ ರಿಪೇರಿಗೆ ಕೊಡು. ನೀನೂ ಒಂದು ಸಲ ಕೇಳಬೇಕು."

"ಈಗ ಅದನ್ನೆಲ್ಲ ಯಾರು ರಿಪೇರಿ ಮಾಡ್ತಾರೆ ಉಮ್ಮ? ನೋಡುವ."

ನಾನು ನೋಡುವ ಎಂದರೆ ನೋಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಕಣ್ಣೆದುರು ಇದ್ದರೆ ತಾನೇ ಕೇಳುವುದು ಎಂದು ಒಂದು ರಜೆಯಲ್ಲಿ ನಾನೇ ಅದನ್ನು, ಒಳಗಿದ್ದ ಕ್ಯಾಸೆಟ್ಟಿನ ಸಮೇತ, ಒಯ್ದು ಮಹಡಿಯ ಕೋಣೆಯ ಕಪಾಟಿನಲ್ಲಿಟ್ಟೆ. ಗಂಟುನೋವಿನ ಉಮ್ಮ ಮೆಟ್ಟಿಲು ಹತ್ತುವವಳಲ್ಲ.

ಥಿಯೇಟರಿಗೆ ನಾನು ಆರಿಸಿದ್ದೂ ಅದೇ ಕೋಣೆಯನ್ನು. ಕಪಾಟು ಒಡೆದು ಗೋಡೆ ಸಮ ಮಾಡಲು ಈಶಪ್ಪ ಬಂದ. ಬಾಗಲಕೋಟೆ ಕಡೆಯವನು, ಕೇಳದೆ ಒಂದು ಮೊಳೆಯನ್ನೂ ಕೀಳುವವನಲ್ಲ. ನಾನು ಆ ಹೊತ್ತಿಗೆ ಉಮಾನಾಥನ ಜೊತೆ ಫೋನಿನಲ್ಲಿದ್ದೆ, ನಡುವಿನ ಸ್ಪೀಕರಿನ ಬಗ್ಗೆ. ಮೆಲುದನಿಯ ಮಾತೂ ಸ್ಪಷ್ಟವಾಗಿ ಕೇಳಬೇಕು, ಅಡ್ಡ ಮಾತೇ ಇಲ್ಲ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ.

"ಸಾಹೇಬ್ರ, ಟೇಪ್‌ರಿಕಾರ್ಡ್ ಐತ್ರಿ ಇಲ್ಲಿ. ಒಳಗ ಕ್ಯಾಸೆಟ್ಟೂ ಐತಿ. ಏನ್ ಮಾಡ್ಲ್ರಿ?"

ನಾನು ತಿರುಗಿ ಕೂಡ ನೋಡಲಿಲ್ಲ. ಗುಜರಿಗೆ ಹಾಕು ಎಂದು ಕೈಯಲ್ಲೇ ತೋರಿಸಿದೆ.

ಎರಡು ತಿಂಗಳು ಬಿಟ್ಟು ಉಮಾನಾಥ ಸ್ಪೀಕರುಗಳನ್ನೆಲ್ಲ ಜೋಡಿಸಿ ಮುಗಿಸಿದ. ಸಂಜೆಯ ಅಸರ್ ನಮಾಝ್ ಆದ ಮೇಲೆ ಫಸೀಲಾ ಉಮ್ಮನ ಕೈ ಹಿಡಿದು, ಮೆಟ್ಟಿಲಿಗೊಮ್ಮೆ ನಿಲ್ಲಿಸಿ, ಮೇಲೆ ಕರೆತಂದಳು. ಉಮಾನಾಥ ಉಮ್ಮನನ್ನು ನಟ್ಟನಡುವಿನ ಕುರ್ಚಿಯಲ್ಲಿ ಕೂರಿಸಿ ಮಳೆಯ ಶಬ್ದ ಹಾಕಿದ. ಮುಂದೆ, ಹಿಂದೆ, ಮಾಡಿನ ಮೇಲೆ, ಎಲ್ಲ ಕಡೆ ಮಳೆ.

"ಫಸೀಲಾ, ಬಟ್ಟೆ ಒಣಗಲು ಹಾಕಿದ್ದು ಉಂಟಲ್ವಾ? ತೆಗಿ, ತೆಗಿ!" ಎಂದು ಉಮ್ಮ ಏಳಲು ಹೋದಳು.

ಎಲ್ಲರೂ ನಕ್ಕೆವು. ನನಗಂತೂ ಹಾಕಿದ ದುಡ್ಡೆಲ್ಲ ಅಲ್ಲಿಗೇ ವಸೂಲಾಯಿತು ಅನಿಸಿತು. ಉಮ್ಮನೂ ನಕ್ಕು, ಸೆರಗು ಸರಿ ಮಾಡಿಕೊಂಡು ಉಮಾನಾಥನನ್ನು ಕೇಳಿದಳು.

"ಮಗಾ, ಇದರಲ್ಲಿ ಹಳೆ ಕ್ಯಾಸೆಟ್ಟು ಕೇಳಬಹುದಾ?"

"ಯಾಕೆ ಆಗುವುದಿಲ್ಲ ಅಮ್ಮ? ಟೇಪ್ ರೆಕಾರ್ಡರ್ ಉಂಟಾ? ಅದರಿಂದ ಇದಕ್ಕೊಂದು ವಯರ್ ಕೊಟ್ಟರೆ ಆಯ್ತು."

"ಉಂಟು. ಅದು ತಿರುಗುವುದಿಲ್ಲ."

"ಬೆಲ್ಟ್ ಹೋಗಿರ್ತದೆ, ಇಷ್ಟೇ ಇಷ್ಟು ರಬ್ಬರು. ನನ್ನ ಚೀಲದಲ್ಲೇ ಉಂಟು. ಐದು ನಿಮಿಷದ ಕೆಲಸ ಅಮ್ಮ, ಎಲ್ಲಿ ಉಂಟು ಹೇಳಿ."

ಉಮ್ಮ ಗೋಡೆಯ ಕಡೆ ಕೈ ತೋರಿಸಿದಳು. ಕಪಾಟಿದ್ದ ಕಡೆ ಈಗ ಸಮ ಗೋಡೆ, ಅದರ ಮೇಲೆ ಕರಿ ಸ್ಪೀಕರು. ಅವಳ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನನ್ನ ಮುಖ ನೋಡಿದಳು.

ನಾನು ಕೆಳಗೆ ಓಡಿ ಗುಜರಿಯವನಿಗೆ ಫೋನ್ ಮಾಡಿದೆ. ಆ ಲೋಡು ಮಂಗಳೂರಿಗೆ ಹೋಗಿ ಎಷ್ಟೋ ದಿನವಾಯಿತು, ಈಗ ಪುಡಿಯಾಗಿರುತ್ತದೆ ಎಂದ. ನಾನು ಬೈದೆ. ಪಾಪ, ಅವನದೇನು ತಪ್ಪು? ಈಶಪ್ಪನದ್ದೂ ತಪ್ಪಿಲ್ಲ, ಅವನು ಬಾಯಿ ಬಿಟ್ಟು ಕೇಳಿದ್ದ.

ಮೇಲೆ ಬಂದು ಹೇಳಿದೆ. ಉಮಾನಾಥ ರಬ್ಬರ್ ಬೆಲ್ಟನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ. ಉಮ್ಮ ಅಳುತ್ತಾಳೆ ಅಂದುಕೊಂಡಿದ್ದೆ, ಬೈದರೂ ಒಳ್ಳೆಯದಿತ್ತು.

"ಹೋಗಲಿ ಬಿಡು. ಆ ಮಳೆಯನ್ನೇ ಹಾಕು," ಎಂದಳು.

ಉಮಾನಾಥ ಮಳೆ ಹಾಕಿದ. ನಾನು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಅದರಲ್ಲಿ ಬಾಪ ಎಂತ ಹೇಳಿದ್ದರು ಉಮ್ಮ?" ಎಂದೆ. ನಲವತ್ತೆಂಟರ ಪ್ರಾಯದಲ್ಲಿ, ಮೊದಲ ಸಲ.

"ನನಗೆ ಹೇಳಿದ್ದು ನನ್ನ ಹತ್ತಿರ ಉಂಟು," ಎಂದಳು ಉಮ್ಮ. "ಕೊನೆಯಲ್ಲಿ ಇದ್ದದ್ದು ನಿನಗೆ. ಅವರ ಬಾಯಲ್ಲೇ ನೀನು ಕೇಳಬೇಕು ಅಂತ ಇತ್ತು, ಹಾಗಾಗಿ ನಾನು ಹೇಳಿರಲಿಲ್ಲ. ಅದಕ್ಕೆ ಹಿಂದಿನ ಸಲ ನಾವು ತುಂಬಿಸಿ ಕಳಿಸಿದ್ದರಲ್ಲಿ ನೀನು ಮಾತಾಡಿರಲಿಲ್ಲವಲ್ಲ. ಎಷ್ಟು ಕರೆದರೂ ಬಂದಿರಲಿಲ್ಲ. 'ರಾಝಿಕನ ಸ್ವರ ಇಲ್ಲವಲ್ಲ ಈ ಸಲ, ಎಲ್ಲಿಗೆ ಹೋಗಿದ್ದ ಅವನು?' ಅಂತ ಕೇಳಿದ್ದರು. ಎರಡು ಸಲ ಕೇಳಿದ್ದರು."

ಕಡಲ ಬದಿಯ ಮರಳಿನಲ್ಲಿ ಕ್ರಿಕೆಟ್ ಆಡುತ್ತಿದ್ದೆ, ಬಾಪ. ನನ್ನ ಬ್ಯಾಟಿಂಗ್ ಇನ್ನೂ ಬಂದಿರಲಿಲ್ಲ, ಅದಕ್ಕೆ ಬರಲಿಲ್ಲ.