ತೂತಿಲ್ಲದ ಗುಂಡಿಗಳು

ಬಿಳಿ ಕೋಟಿನ ಅಂಚಿನಲ್ಲಿ ಕಾಳಿನಷ್ಟು ಚಿಕ್ಕ ಕೆಂಪು ಚುಕ್ಕೆ ಮೊದಲು ಕಂಡಿದ್ದು ಇಸ್ತ್ರಿಯವಳಿಗೆ.

"ಅಕ್ಕಾ, ರಕ್ತ! ಬೆರಳು ನೋಡ್ಕೋ."

ಅಕ್ಕ ನೋಡಿಕೊಂಡಳು. ಎಡಗೈಯ ತೋರುಬೆರಳಲ್ಲಿ ಸೂಜಿ ನಾಟಿ ನಿಂತಿತ್ತು. ನೋವೇ ಇರಲಿಲ್ಲ. ಯಾರದೋ ಬೆರಳನ್ನು ನೋಡುವ ಹಾಗೆ ಒಂದು ಕ್ಷಣ ನೋಡಿ, ಸೂಜಿ ಕಿತ್ತು, ಬೆರಳನ್ನು ಬಾಯಿಗಿಟ್ಟುಕೊಂಡಳು.

"ಇಪ್ಪತ್ತೆರಡು ವರ್ಷದಿಂದ ಹೊಲೀತಿದೀಯ. ಮೊನ್ನೆ ಮೊನ್ನೆ ಸೇರಿದವಳ ಹಾಗೆ ಚುಚ್ಚಿಸ್ಕೊಳ್ತೀಯಲ್ಲ," ಎಂದು ಇಸ್ತ್ರಿಯವಳು ನಕ್ಕಳು. ಅಕ್ಕನೂ ನಕ್ಕಳು.  ಜುಮುಗುಡುವುದು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಮೊದಲು ಕಾಲು, ಆಮೇಲೆ ಕೈ. ಕೂತು ಕೂತು ಹೀಗಾಗಿದೆ ಎಂದುಕೊಂಡಿದ್ದಳು. ಇವತ್ತು ಬೆರಳು ಜುಮುಗುಡುತ್ತಲೂ ಇರಲಿಲ್ಲ.

ಎರಡು ವರ್ಷದ ಹಿಂದೆ ಈ ಹೊಲಿಗೆ ಅಂಗಡಿಯಲ್ಲಿ ಅವಳ ಹೆಸರು ಗುಂಡಕ್ಕ. ಅಳತೆ ಕೊಡಲು ಬಂದವರು, "ನಿಮ್ಮ ಬಟ್ಟೆಗೆ ಎಷ್ಟು ಮೀಟರ್ ಹಿಡಿಯುತ್ತೆ?" ಎಂದು ಕೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಗುಂಡಕ್ಕನೇ ನಗುತ್ತಿದ್ದಳು. ಹಾಗೆ ನಕ್ಕುಬಿಟ್ಟರೆ ಪೆಟ್ಟು ಕಡಿಮೆ ಬೀಳುತ್ತಿತ್ತು. ಮಂಡಿ ಹೋಯಿತು, ಸಕ್ಕರೆ ಕಾಯಿಲೆ ಬಂತು. ತಂಗಿಗೆ ಹುಷಾರಿಲ್ಲ ಎಂದು ಒಂದು ತಿಂಗಳು ರಜೆ ಹಾಕಿ, ಹೊಟ್ಟೆ ಚಿಕ್ಕದು ಮಾಡಿ ಮೈ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದಳು.

"ಹೊರಗೆ ಯಾರಿಗೂ ಹೇಳ್ಬೇಡ ಮಾರಾಯ್ತಿ," ಎಂದಿದ್ದ ಗಂಡ. "ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡಳು ಅಂತಾರೆ. ನನ್ನ ಅಕ್ಕನಿಗಂತೂ ಬೇಡವೇ ಬೇಡ."

ಅವಳಿಗೂ ಅದೇ ಸರಿಯೆನ್ನಿಸಿತ್ತು. ಮೈ ಇಳಿದ ಗುಟ್ಟು ಕೇಳಿದವರಿಗೆಲ್ಲ ಒಂದೇ ಉತ್ತರ: "ನಡಿಗೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ."

ನಡೆಯುವವಳಿಗೆ ಮಾತ್ರೆ ಯಾಕೆ ಬೇಕು? ಹಾಗಾಗಿ ಮಾತ್ರೆಗಳನ್ನು ಬಚ್ಚಿಡಬೇಕಾಯಿತು. ಕೊಯ್ದ ಹೊಟ್ಟೆ ಊಟದ ಸತ್ವವನ್ನೆಲ್ಲ ಹೀರದು ಎಂದು ಡಾಕ್ಟರಮ್ಮ ಬರೆದಿದ್ದವು: ಬೆಳಗ್ಗೆ ವಿಟಮಿನ್ನು, ಮಧ್ಯಾಹ್ನ ಕಬ್ಬಿಣದ್ದು, ಎರಡು ಗಂಟೆ ಬಿಟ್ಟು ಮೂಳೆಗೆಂದು ಸುಣ್ಣದ್ದು, ಸಂಜೆ ಮತ್ತೆ ಸುಣ್ಣದ್ದು. ಕಬ್ಬಿಣ, ಸುಣ್ಣ ಎರಡನ್ನೂ ಒಟ್ಟಿಗೆ ನುಂಗುವ ಹಾಗಿರಲಿಲ್ಲ. ಮುಷ್ಟಿಗಿಂತ ಚಿಕ್ಕದಾದ ಹೊಟ್ಟೆ, ಗಟಗಟ ನೀರು ಕುಡಿಯುವ ಹಾಗೂ ಇರಲಿಲ್ಲ. ಗುಟುಕು ಗುಟುಕಾಗಿ ಇಳಿಸಿದರೂ ದೊಡ್ಡ ಮಾತ್ರೆ ಎದೆಯ ನಡುವೆ ಅಡ್ಡ ಕೂರುತ್ತಿತ್ತು. ಎರಡು ಸಲ ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿ ಬಂದಿದ್ದಳು.

"ಆಪರೇಷನ್ ಮಾಡ್ಸಿದ್ದೇ ಕಾಯಿಲೆ ಹೋಗ್ಲಿ ಅಂತ. ಈಗ ನೋಡಿದ್ರೆ ಔಷಧಿ ಅಂಗಡಿನೇ ಮನೆಗೆ ಬಂದಿದೆ. ಇನ್ನೆಷ್ಟು ದಿನ ಇದು?" ಎಂದು ಗಂಡ ಒಮ್ಮೆ ಕೇಳಿದ.

"ಇರೋವರೆಗೂ."

ಆಮೇಲೆ ಅವನು ಕೇಳಲಿಲ್ಲ, ನೆನಪೂ ಮಾಡಲಿಲ್ಲ.

ಅಂಗಡಿಯಲ್ಲಿ ಅವಳು ಮಾತ್ರೆ ಇಟ್ಟಿದ್ದು ಹಳೆಯ ಗುಂಡಿಗಳ ಡಬ್ಬದಲ್ಲಿ, ಯಾರೂ ಕೇಳದ ಓವರ್‌ಕೋಟಿನ ದಪ್ಪ ಗುಂಡಿಗಳ ನಡುವೆ. ಇಸ್ತ್ರಿಯವಳು ಅತ್ತ ಹೋದಾಗ ತೆಗೆದು ನುಂಗುವುದೆಂದು ಲೆಕ್ಕ. ಇಸ್ತ್ರಿಯವಳು ಎಲ್ಲೂ ಹೋಗುತ್ತಿರಲಿಲ್ಲ. ಮೊದಲು ದಿನಕ್ಕೊಂದು ತಪ್ಪಿತು, ಆಮೇಲೆ ದಿನಪೂರ್ತಿ ತಪ್ಪಿತು. ಮೈ ಹಗುರವಾಗಿತ್ತು, ಕನ್ನಡಿ ಚೆನ್ನಾಗಿ ಮಾತಾಡುತ್ತಿತ್ತು. ರಕ್ತಪರೀಕ್ಷೆಯ ಚೀಟಿ ಪರ್ಸಿನಲ್ಲೇ ಮಡಿಕೆ ಬಿದ್ದು ಹರಿಯಿತು.

ಬೆರಳಿಗೆ ಸೂಜಿ ನಾಟಿದ ಆ ವಾರದ ಶನಿವಾರ ಅವಳು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳಿಗೆ ಸಣ್ಣ ಮೊನೆ ತಾಗಿಸಿದರು.

"ಈಗ?"

"ಇಲ್ಲ."

"ಈಗ?"

"ಚುಚ್ಚಿದ್ರಾ?"

ಡಾಕ್ಟರಮ್ಮ ಮೊನೆಯನ್ನು ಕೆಳಗಿಟ್ಟರು. "ನರಕ್ಕೆ ವಿಟಮಿನ್ ಸಿಕ್ಕಿಲ್ಲ. ಮಾತ್ರೆ ಯಾಕೆ ಬಿಟ್ರಿ?"

"ಜನ ನೋಡ್ತಾರೆ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಂಜೆಕ್ಷನ್ ಬರೆದರು, ಸುಣ್ಣದ ದೊಡ್ಡ ಮಾತ್ರೆಗೆ ಬದಲು ಅಗಿದು ನುಂಗುವಂಥದ್ದನ್ನು ಬರೆದರು. "ನುಂಗೋಕೆ ಕಷ್ಟ ಅಂತ ಅವತ್ತೇ ಹೇಳಿದ್ರೆ ಇದನ್ನೇ ಕೊಡ್ತಿದ್ದೆ," ಎಂದರು.

"ಬೆರಳು ವಾಪಸ್ ಬರುತ್ತಾ, ಡಾಕ್ಟರೇ? ನಂದು ಕೈಹೊಲಿಗೆ."

"ಸ್ವಲ್ಪ ಬರಬಹುದು. ಪೂರ್ತಿ ಬರುತ್ತೆ ಅಂತ ಹೇಳಲಾರೆ."

ಸೋಮವಾರ ಅವಳು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ನಗು ಕೇಳಿಸಿತು. ಡಬ್ಬ ಮೇಜಿನ ಮೇಲೆ ಬಾಯ್ತೆರೆದು ಕೂತಿತ್ತು. ಯಾರದೋ ಓವರ್‌ಕೋಟಿಗೆ ಗುಂಡಿ ಹುಡುಕುತ್ತಿದ್ದ ಇಸ್ತ್ರಿಯವಳ ಅಂಗೈಯಲ್ಲಿ ಬಿಳಿಯದೊಂದು ಇತ್ತು.

"ಅಕ್ಕಾ, ಈ ಗುಂಡಿಗೆ ತೂತೇ ಇಲ್ಲವಲ್ಲ! ಇದನ್ನ ಹೆಂಗೆ ಹೊಲೀತೀಯ?"

ಗಂಡನ ಮಾತ್ರೆ ಎಂಬ ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಇಸ್ತ್ರಿಯವಳು ಒಂದು ಕೈಯಿಂದ ಮೇಜು ಹಿಡಿದು ನಿಂತಿದ್ದಳು. ಆರು ತಿಂಗಳಿಂದ ಅಕ್ಕನ ಹಾಗೆ ಮೈ ಇಳಿಸಲೆಂದು ಅವಳೂ ಬೆಳಗ್ಗೆ ಸಂಜೆ ನಡೆಯುತ್ತಿದ್ದಳು, ಒಂದು ಹೊತ್ತಿನ ಊಟ ಬಿಟ್ಟಿದ್ದಳು. ಕಳೆದ ವಾರವಷ್ಟೇ ತಲೆಸುತ್ತಿ, ಬಿಸಿ ಇಸ್ತ್ರಿಪೆಟ್ಟಿಗೆಯ ಪಕ್ಕ ಕುಸಿದಿದ್ದಳು. "ನಿನ್ನಷ್ಟು ಗಟ್ಟಿ ಮನಸ್ಸು ನಂಗಿಲ್ಲ ಅಕ್ಕ. ನನ್ನ ಜನ್ಮವೇ ಇಷ್ಟು," ಎಂದು ಅವತ್ತು ಅತ್ತಿದ್ದಳು. ಅಕ್ಕ ಬೆನ್ನು ಸವರಿ, ಇನ್ನೊಂದಿಷ್ಟು ನಡಿ ಎಂದಿದ್ದಳು.

"ಅದು ಮಾತ್ರೆ ಕಣೆ," ಎಂದಳು ಅಕ್ಕ. "ನಾನು ನಡೆದು ಸಣ್ಣಗಾಗಿದ್ದಲ್ಲ. ಆಪರೇಷನ್ ಮಾಡಿಸ್ಕೊಂಡೆ. ಅವತ್ತು ತಂಗಿಗೆ ಏನೂ ಆಗಿರಲಿಲ್ಲ."

ಇಸ್ತ್ರಿಯವಳ ನಗು ನಿಂತಿತು.

"ಕಾಲು ಊದಿಸ್ಕೊಂಡು ನಡೆದೆನಲ್ಲ ನಾನು. ದಿನಾ ನೋಡ್ತಿದ್ದೆ ನೀನು. ಒಂದ್ಸಲನಾದ್ರೂ ಬಾಯಿ ಬಿಟ್ಟೆಯಾ?"

"ನೀವೆಲ್ಲ ನಗ್ತೀರಿ ಅಂತ…"

"ನಾನಾ? ನನ್ನ ಮೈ ನೋಡು. ನಾನ್ಯಾಕೆ ನಗ್ಲಿ ನಿನ್ನ ನೋಡಿ?"

 ಅಕ್ಕ ಸತ್ತ ಬೆರಳನ್ನು ಮುಂದೆ ಚಾಚಿದಳು. "ಕೊಯ್ಸಿಕೊಂಡ್ರೆ ಮುಗೀತು ಅಂದ್ಕೊಂಡಿದ್ದೆ. ಮುಚ್ಚಿಡೋಕೆ ಹೋಗಿ ಇದನ್ನ ಕಳ್ಕೊಂಡೆ. ನೀನೂ ಡಾಕ್ಟರ ಹತ್ರ ಹೋಗು. ಕೊಯ್ಸಿಕೋ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ನನ್ನ ಸುಳ್ಳು ನಂಬಿ ಮಾತ್ರ ಹಸಿದಿರಬೇಡ."

ಇಸ್ತ್ರಿಯವಳು ಮಾತ್ರೆಯನ್ನು ಡಬ್ಬಕ್ಕೆ ಹಾಕಿ, ಮುಚ್ಚಳ ಒತ್ತಿ, ತನ್ನ ಮೇಜಿಗೆ ಹೋದಳು. ಆ ವಾರವಿಡೀ ಅವರ ನಡುವೆ ಕೋಟುಗಳು ಓಡಾಡಿದವು, ಮಾತು ಓಡಾಡಲಿಲ್ಲ.

ಅಕ್ಕ ಹೊಸ ಮಾತ್ರೆಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಟ್ಟೆ ಕತ್ತರಿಸುವ ಮೇಜಿನ ನಟ್ಟನಡುವೆ ಇಟ್ಟಳು. ಬಂದವರು ನೋಡಿದರು. ಕೆಲವರು ಕೇಳಿದರು, ಅವಳು ಹೇಳಿದಳು. ಬಾಗಿಲು ದಾಟಿದ ಮೇಲೆ ಒಬ್ಬಿಬ್ಬರು ನಕ್ಕದ್ದೂ ಕೇಳಿಸಿತು. ನಗು ಅವಳು ಅಂದುಕೊಂಡಷ್ಟೇ ನೋಯಿಸಿತು, ಕಡಿಮೆಯೇನೂ ಅಲ್ಲ. ಸೂಜಿ ಮಾತ್ರ ನೋಯಿಸಲಿಲ್ಲ.

ಶುಕ್ರವಾರ ಮಧ್ಯಾಹ್ನ, ಇನ್ನೂ ಇಡಿಯಾಗಿ ನುಂಗಲೇಬೇಕಾಗಿದ್ದ ಕಬ್ಬಿಣದ ಮಾತ್ರೆ ಮತ್ತೆ ಎದೆಯಲ್ಲಿ ಸಿಕ್ಕಿಕೊಂಡಿತು. ಅವಳು ಮೇಜಿಗೆ ಎರಡೂ ಕೈ ಊರಿ, ಕಣ್ಣು ಮುಚ್ಚಿ ನಿಂತಳು. ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

"ಒಳಗೆ ಹೋಯ್ತಾ?"

"ಇಲ್ಲ. ಅಡ್ಡ ಕೂತಿದೆ."

"ಸ್ವಲ್ಪ ಕಾಯಿ," ಎಂದಳು ಇಸ್ತ್ರಿಯವಳು. ಮುಖದಲ್ಲಿನ್ನೂ ಸಿಟ್ಟಿತ್ತು. "ಕೋಟುಗಳು ಎಲ್ಲೂ ಓಡಿಹೋಗಲ್ಲ."

ಅಕ್ಕ ಕಾದಳು.