ಮೂರನೇ ಗೆರೆ

ಊರೂರು ಅಲೆದು ರೋಗಾಣು ಹಿಡಿಯುವ ಯಂತ್ರ ಮಾರುವುದು ಅವಳ ಕೆಲಸ. ಯಂತ್ರವನ್ನು ಹೆಗಲಿಗೇರಿಸಿಕೊಂಡು ಬರುವ ಅವಳನ್ನು ಕಾರ್ಖಾನೆಗಳ ಕಾವಲುಗಾರರು 'ಪೆಟ್ಟಿಗೆ ಮೇಡಂ' ಎಂದೇ ಕರೆಯುತ್ತಿದ್ದರು. ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಕಣ್ಣಾರೆ ನೋಡಲು ದಿನಗಟ್ಟಲೆ ಕಾಯಬೇಕು. ಅವಳ ಪೆಟ್ಟಿಗೆ ಅದರ ಡಿಎನ್‌ಎ ಹುಡುಕಿ ಒಂದೇ ಗಂಟೆಯಲ್ಲಿ ಹೆಸರು ಹೇಳುತ್ತಿತ್ತು. ಇಂಥ ಪೆಟ್ಟಿಗೆ ಮಾರುವ ಕಂಪನಿಗಳು ಈಗ ನಾಯಿಕೊಡೆಗಳಂತೆ ಎದ್ದಿದ್ದವು. ಶಿಶು ಆಹಾರದ ಈ ಕಾರ್ಖಾನೆಗೆ ಹಿಂದಿನ ವಾರವಷ್ಟೇ ಎದುರಾಳಿ ಕಂಪನಿಯವನೊಬ್ಬ ಬಂದು ಹೋಗಿದ್ದ. ಈ ಆರ್ಡರ್ ತಪ್ಪಿದರೆ ಮುಖ ತೋರಿಸಬೇಡ ಎಂದೇ ಅವಳ ಮೇಲಧಿಕಾರಿ ಹೇಳಿ ಕಳಿಸಿದ್ದ.

ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಿಗೆ ತಟ್ಟೆ ಬಿಟ್ಟರೆ ಬೇರೆ ಯಾವುದರಲ್ಲೂ ನಂಬಿಕೆಯಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವರು 'ತಟ್ಟೆ ಮೇಷ್ಟ್ರು'. ಪರೀಕ್ಷೆಗೆಂದು ಅವರು ಒಂದು ಮಾದರಿಯನ್ನು, ರೋಗಾಣು ಇದ್ದರೆ ಬೆಳೆಯಲೆಂದು, ಹಿಂದಿನ ದಿನವೇ ಪೋಷಕ ದ್ರವದಲ್ಲಿ ಬೆಚ್ಚಗಿಟ್ಟಿದ್ದರು.

"ಇದು ಹೋದ ತಿಂಗಳೇ ಅಂಗಡಿಗೆ ಹೋದ ಪುಡಿ. ನನ್ನ ತಟ್ಟೆಯಲ್ಲಿ ಪಾಸಾಗಿದೆ," ಎಂದರು. "ನಿಮ್ಮ ಪೆಟ್ಟಿಗೆ ಸುಮ್ಮಸುಮ್ಮನೆ ಬೊಬ್ಬೆ ಹೊಡೆಯುತ್ತೋ ಇಲ್ವೋ ನೋಡೋಣ."

ಅವಳು ನಕ್ಕು ಮೂರು ಕೊಳವೆ ಜೋಡಿಸಿದಳು. ಒಂದರಲ್ಲಿ ಬರೀ ನೀರು, ಎರಡನೆಯದರಲ್ಲಿ ಹುಡುಕುತ್ತಿದ್ದ ರೋಗಾಣುವಿನದೇ ಡಿಎನ್‌ಎ, ಮೂರನೆಯದರಲ್ಲಿ ಮೇಷ್ಟ್ರ ಮಾದರಿ. ಯಂತ್ರದ ತೆರೆಯ ಮೇಲೆ ಕೊಳವೆಗೊಂದು ಗೆರೆ; ರೋಗಾಣುವಿನ ಡಿಎನ್‌ಎ ಇದ್ದರೆ ಅದು ಮೇಲೇಳುತ್ತದೆ. ನೀರಿನ ಗೆರೆ ಮಲಗಿಯೇ ಇರಬೇಕು, ಎರಡನೆಯದು ಏಳಬೇಕು. ಹಾಗೇ ಆಯಿತು. ಜೊತೆಗೆ ಕೂತಿದ್ದ ಕಾರ್ಖಾನೆಯ ಮ್ಯಾನೇಜರ್ ಕಾಫಿ ತರಿಸಿದ. ಕಪ್ಪು ಅವಳ ತುಟಿಯ ಹತ್ತಿರವಿದ್ದಾಗ ಮೂರನೇ ಗೆರೆಯೂ ಮೆಲ್ಲನೆ ತಲೆಯೆತ್ತಿತು.

ಅವಳು ಕಪ್ಪನ್ನು ಕೆಳಗಿಟ್ಟಳು. ಎಳೆಗೂಸುಗಳ ಮೆದುಳಿಗೇ ಏರುವ ರೋಗಾಣು ಅದು.

"ಇನ್ನೊಂದ್ಸಲ ಮಾಡ್ತೀನಿ, ಸಾರ್," ಎಂದಳು. ಹೊಸ ಕೈಗವಸು, ಹೊಸ ಕೊಳವೆ. ತನ್ನ ಕೈಯಿಂದಲೇ ಎರಡನೆಯದು ಮೂರನೆಯದಕ್ಕೆ ಸೋಂಕಿತೇನೋ ಎಂಬ ಆಸೆ ಅವಳಿಗೆ. ಹೌದು, ಆಸೆಯೇ. ಆರು ವರ್ಷದಿಂದ ಯಂತ್ರ ತಪ್ಪು ಹೇಳದಿರಲಿ ಎಂದು ಹಾರೈಸುತ್ತಿದ್ದವಳು ಆ ಒಂದು ಗಂಟೆ ಪೂರ್ತಿ ಅದು ತಪ್ಪು ಹೇಳಲಿ ಎಂದು ಬೇಡಿಕೊಂಡಳು. ಯಾಕೆಂದರೆ ಅಕ್ಕನ ಮಗು ಇದೇ ಹೆಸರಿನ ಪುಡಿ ಕುಡಿಯುತ್ತಿತ್ತು. ಅವಧಿಗೆ ಮೊದಲೇ ಹುಟ್ಟಿದ, ಇಪ್ಪತ್ತನಾಲ್ಕು ದಿನದ ಹೆಣ್ಣುಕೂಸು. ಅಕ್ಕನಿಗೆ ಹಾಲು ಸಾಲದೆ ಭಾವ ನಾಲ್ಕು ದಿನದ ಹಿಂದೆ ಡಬ್ಬಿ ತಂದಿದ್ದರು.

ಗೆರೆ ಮತ್ತೆ ಎದ್ದಿತು.

ಮ್ಯಾನೇಜರ್ ಕುರ್ಚಿ ಹಿಂದಕ್ಕೆ ತಳ್ಳಿದ. "ಸತ್ತ ರೋಗಾಣುವಿನ ಡಿಎನ್‌ಎಯನ್ನೂ ನಿಮ್ಮ ಪೆಟ್ಟಿಗೆ ತೋರಿಸುತ್ತಲ್ವಾ?"

"ಒಮ್ಮೊಮ್ಮೆ ತೋರಿಸುತ್ತೆ."

"ಮತ್ತೇನು? ಯಂತ್ರ ಕೆಟ್ಟಿತ್ತು ಅಂತ ಬರೆದುಕೊಟ್ಟು ಹೊರಡಿ. ಇಲ್ಲಿ ಕಂಡದ್ದನ್ನ ಹೊರಗೆ ಬಾಯಿ ಬಿಡಲ್ಲ ಅಂತ ಗೇಟಿನಲ್ಲಿ ಸಹಿ ಹಾಕಿದೀರಿ, ನೆನಪಿರಲಿ."

ಅವಳು ಸಹಿ ಹಾಕಿದ್ದು ನಿಜ. ಆದರೂ ಫೋನು ಕೈಗೆ ಬಂದಿತ್ತು.

"ಅಕ್ಕಾ, ಪುಡಿ ಡಬ್ಬಿಯ ತಳದಲ್ಲಿರೋ ಬ್ಯಾಚ್ ನಂಬರ್ ಓದು."

"ಈಗ್ಲೇನಾ? ಕೂಸು ತೊಡೆ ಮೇಲಿದೆ ಕಣೇ."

"ಓದು ಅಂದ್ರೆ ಓದೇ!"

ಅಕ್ಕ ಗೊಣಗುತ್ತ ಒಂದೊಂದೇ ಅಂಕಿ ಓದಿದಳು. ಅವಳು ಅದನ್ನೇ ಗಟ್ಟಿಯಾಗಿ ಹೇಳುತ್ತ ಹೋದಳು. ತಟ್ಟೆ ಮೇಷ್ಟ್ರು ಮಾದರಿಯ ಚೀಟಿಯ ಮೇಲೆ ಬೆರಳಿಟ್ಟು ಹಿಂಬಾಲಿಸಿದರು. ಕೊನೆಯ ಅಂಕಿಯವರೆಗೂ ಒಂದೂ ತಪ್ಪದೆ ಹೊಂದಿತು.

"ಅದನ್ನ ಕುಡಿಸಬೇಡ. ಕೂಸು ಹೇಗಿದೆ?"

"ಬೆಳಗ್ಗೆಯಿಂದ ಬರೀ ನಿದ್ದೆ. ಹಾಲಿಗೆ ಎಬ್ಬಿಸಿದ್ರೂ ಏಳ್ತಿಲ್ಲ. ಪಾಪ, ಒಳ್ಳೇ ಮಗು, ಅಳೋದೇ ಇಲ್ಲ ಅಂತ ಈಗಷ್ಟೇ ಅತ್ತೆ ಹೊಗಳಿದ್ರು."

ಅವಳು ಎದ್ದು ನಿಂತಳು. "ಡಬ್ಬಿ ಸಮೇತ ಈಗಲೇ ಆಸ್ಪತ್ರೆಗೆ ಹೊರಡು. ನಾನೂ ಬಂದೆ."

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಗೋದಾಮಿಗೆ ಫೋನು ಮಾಡಿದರು. "ಯಾವ ಲಾರಿಯೂ ಕದಲಬಾರದು. ಹೌದು, ನಾನೇ ಹೇಳ್ತಿರೋದು." ಮ್ಯಾನೇಜರ್ ಕಡೆ ತಿರುಗಿ, "ಹೋದದ್ದನ್ನೂ ವಾಪಸು ತರಿಸಬೇಕು. ನೀವು ಮೇಲಿನವರಿಗೆ ಹೇಳ್ತೀರೋ, ನಾನೇ ಹೇಳಲೋ?" ಎಂದರು. ಮ್ಯಾನೇಜರ್ ತಲೆ ತಗ್ಗಿಸಿ ಹೊರಗೆ ಹೋದ. ಮೇಷ್ಟ್ರು ಅವಳಿಗೆ ಒಂದು ಹಾಳೆಯಲ್ಲಿ ರೋಗಾಣುವಿನ ಹೆಸರು ಬರೆದುಕೊಟ್ಟರು. "ಇದನ್ನ ಡಾಕ್ಟರಿಗೆ ತೋರಿಸಮ್ಮ. ಹುಡುಕುತ್ತ ಕೂರೋದು ಬೇಡ."

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಓಡಿದಳು. ಟ್ಯಾಕ್ಸಿ ಪ್ರತಿ ಸಿಗ್ನಲ್‌ನಲ್ಲೂ ನಿಲ್ಲುತ್ತಿತ್ತು. ಕೂಸು ಹಾಲಿಗೆ ಏಳದೆ ಮಲಗಿರುವ ಚಿತ್ರ ಕಣ್ಣಿಂದ ಹೋಗಲೇ ಇಲ್ಲ.

ಆಸ್ಪತ್ರೆಯ ವೈದ್ಯೆ ಚೀಟಿ ನೋಡಿದವರೇ ನರ್ಸನ್ನು ಕೂಗಿದರು. ರಕ್ತ ತೆಗೆದರು, ಬೆನ್ನುಹುರಿಯ ನೀರು ತೆಗೆದರು, ವರದಿಗೆ ಕಾಯದೆ ಔಷಧಿ ಏರಿಸಿದರು. ಸೂಜಿ ಚುಚ್ಚಿದಾಗಲೂ ಕೂಸು ಅಳಲಿಲ್ಲ. ಅಕ್ಕ ಗಾಜಿಗೆ ಹಣೆಯೊತ್ತಿ ನಿಂತಿದ್ದಳು.

"ನಾನೇ ಕುಡಿಸಿದೆ ಕಣೇ. ಬೇಡ ಅಂದ್ರೂ ಬಾಯಿಗೆ ಇಟ್ಟು ಇಟ್ಟು ಕುಡಿಸಿದೆ."

ಅವಳು ಅಕ್ಕನ ಕೈ ಹಿಡಿದುಕೊಂಡಳು.

ಎರಡನೇ ದಿನ ರಕ್ತದಲ್ಲಿ ಅದೇ ರೋಗಾಣು ಎಂದು ವರದಿ ಬಂತು. ಬೆನ್ನುಹುರಿಯ ನೀರಿನಲ್ಲಿ ಇರಲಿಲ್ಲ; ಮೆದುಳಿಗೆ ಇನ್ನೂ ಏರಿರಲಿಲ್ಲ. "ಅರ್ಧ ದಿನ ತಡವಾಗಿದ್ದರೆ ಏನೂ ಹೇಳೋಕಾಗ್ತಿರಲಿಲ್ಲ. ಈಗಲೂ ಪೂರ್ತಿ ಹೇಳಲಾರೆ," ಎಂದರು ವೈದ್ಯೆ. ಅವಳ ಮೇಲಧಿಕಾರಿ ಹನ್ನೊಂದು ಸಲ ಫೋನು ಮಾಡಿದ್ದ. ಅವಳು ಎತ್ತಲಿಲ್ಲ.

ಮೂರನೇ ದಿನ ಮಧ್ಯಾಹ್ನ ವಾರ್ಡಿನ ಹೊರಗೆ ತಟ್ಟೆ ಮೇಷ್ಟ್ರು ಅವಳ ಪೆಟ್ಟಿಗೆ ಹಿಡಿದು ನಿಂತಿದ್ದರು. ಕರೆದರೂ ಒಳಗೆ ಬರಲಿಲ್ಲ.

"ತಟ್ಟೆಯಲ್ಲೂ ಬೆಳೀತು," ಎಂದರು. "ಬೆಳೀಬಾರದು ಅಂತ ಗಂಟೆಗೊಂದ್ಸಲ ತಟ್ಟೆ ಬೆಚ್ಚಗಿಡೋ ಕಪಾಟಿನ ಬಾಗಿಲು ತೆಗೆದು ನೋಡಿದೆ. ಹೋದ ತಿಂಗಳು ನಾನು ಪಾಸು ಮಾಡಿದ ಡಬ್ಬಿಯಲ್ಲಿ ಇರಲಿಲ್ವೋ, ಇದ್ದೂ ನನಗೆ ಕಾಣಲಿಲ್ವೋ, ಗೊತ್ತಿಲ್ಲಮ್ಮ. ಇನ್ನೆಷ್ಟು ಮನೆಗಳಲ್ಲಿ ಆ ಡಬ್ಬಿ ಇದೆಯೋ. ಇವತ್ತಿನ ಪೇಪರಿನಲ್ಲಿ ನಂಬರ್ ಹಾಕಿಸಿದೀವಿ. ಪೇಪರು ಓದದವರು ಏನು ಮಾಡ್ತಾರೆ?"

ಗಾಜಿನಾಚೆ ನರ್ಸ್ ಸೂಜಿ ಬದಲಿಸುತ್ತಿದ್ದಳು. ಮೂರು ದಿನದಲ್ಲಿ ಮೊದಲ ಸಲ ಕೂಸು ಮುಖ ಕಿವುಚಿ, ಕೆಂಪಾಗಿ, ವಾರ್ಡೆಲ್ಲ ಕೇಳುವಂತೆ ಕಿರುಚಿಕೊಂಡಿತು. ಅಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು. ಮೇಷ್ಟ್ರು ಗಾಬರಿಯಿಂದ, "ಏನಾಯ್ತು? ಏನಾಯ್ತಮ್ಮ?" ಎಂದು ಕೇಳುತ್ತಲೇ ಇದ್ದರು.