ಸವಣೂರಿನ ಮಾತು ಮುಗಿಯಲಿ ಬಿಡಿ

ನಮ್ಮ ಕಡೆ ಆಸ್ಪತ್ರೆಗೆ ಕಾಯಿಲೆಯವರು ಒಬ್ಬರು ಹೋದರೆ ಉತ್ತರ ಕೊಡುವವರು ನಾಲ್ವರು ಹೋಗುತ್ತಾರೆ. ಡಾಕ್ಟರು "ಎಲ್ಲಿ ನೋವು?" ಎಂದರೆ ಗಂಡ ಹೇಳುತ್ತಾನೆ. "ಊಟ ಸೇರುತ್ತದೆಯೆ?" ಎಂದರೆ ಅತ್ತೆ ಹೇಳುತ್ತಾಳೆ. "ನಿದ್ದೆ?" ಎಂದರೆ ಪಕ್ಕದ ಮಂಚದವರು ಹೇಳುತ್ತಾರೆ. ಕಾಯಿಲೆಯವರು ಮಾತ್ರ ನಾಲಿಗೆ ತೋರಿಸುವಾಗ ಬಾಯಿ ತೆರೆಯುತ್ತಾರೆ.

ಹಾನಗಲ್ಲಿನ ಇಂದಿರಾಬಾಯಿಗೂ ಹೀಗೆಯೇ ಆಯಿತು.

ಇಂದಿರಾಬಾಯಿಗೆ ಅರವತ್ತೈದು ವರ್ಷ. ಗಂಡ ರಾಘಣ್ಣ, ವಕೀಲರ ಬಳಿ ಗುಮಾಸ್ತರಾಗಿ ಇಡೀ ಆಯುಷ್ಯ ಕಳೆದವರು. ಅಕ್ಷರ ದುಂಡಗೆ, ಮಾತು ಕರಾರುವಾಕ್ಕು. ಗಂಡ ಹೆಂಡಿರ ನಡುವೆ ಇದ್ದ ತಕರಾರು ಒಂದೇ, ಸವಣೂರು. ಅದು ಆಕೆಯ ತವರು. ಎಲೆ ಅಡಿಕೆ ಹಾಕಿಕೊಂಡರೆ "ಸವಣೂರಿನ ಎಲಿ ಹಿಂಗ ಒರಟ ಇರೂದಿಲ್ಲ" ಎನ್ನುವರು. ಚಹದ ಜೊತೆ ತಿನ್ನಲು ಖಾರಾ ತಂದರೆ "ಸವಣೂರಿನ ಖಾರಾದ ಮುಂದ ಇದೇನು" ಎನ್ನುವರು. ರಸ್ತೆ ಬದಿಯಲ್ಲಿ ಎಂಥ ಮರ ಕಂಡರೂ ಸವಣೂರಿನ ದೊಡ್ಡ ಹುಣಸೆಮರದ ಕಾಂಡಕ್ಕೆ ಅದನ್ನು ಹೋಲಿಸಿ, ಅದರ ಮಾನ ಕಳೆಯುವರು. ಹೀಗಾಗಿ ಆಕೆ "ಸವಣೂರಾಗ ಒಂದ ಸಲ" ಎಂದು ಶುರು ಮಾಡಿದರೆ ಮನೆಯವರ ಕಿವಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿದರೆ ಸವಣೂರು ಎರಡು ತಾಸಿನ ದಾರಿ. ಆದರೆ ಹೋಗಿ ಯಾರ ಬಾಗಿಲು ಬಡಿಯುವುದು? ಅಣ್ಣ ಸುಶೀಂದ್ರ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಜೊತೆ ಇನ್ನೊಂದೂ ಹೋಯಿತು, ಆಕೆಯ ಹೆಸರು. ಆಕೆ ಹುಟ್ಟಿದಾಗ ಇಟ್ಟ ಹೆಸರು ಮೃಣಾಲಿನಿ. ಮದುವೆಯ ದಿನ ರಾಘಣ್ಣ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ "ಇಂದಿರಾ" ಎಂದು ಬರೆದರು. ಆ ಮನೆತನದ ಪದ್ಧತಿ ಅದು. ಆ ಅಕ್ಕಿಯೇನೋ ಪಾಯಸವಾಯಿತು, ಹೆಸರು ಉಳಿಯಿತು. ಅಣ್ಣ ಮಾತ್ರ ಪ್ರತಿ ದೀಪಾವಳಿಗೆ ಫೋನ್ ಮಾಡಿ "ಮೃಣಾಲಿನೀ, ಆರಾಮ ಇದ್ದೀ?" ಎನ್ನುತ್ತಿದ್ದ. ಈಗ ಆ ಹೆಸರಿನಲ್ಲಿ ಕರೆಯುವವರು ಇಲ್ಲ.

ಹೋದ ಚಳಿಗಾಲದಲ್ಲಿ ಪೂಜೆಗೆ ಹೂ ಬಿಡಿಸುವಾಗ ಆಕೆಯ ಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ಮೂರು ದಿನಕ್ಕೆ ಕಾಲು ಕೆಂಪಾಗಿ ಬಾತು ಜ್ವರ ಬಂತು. ರಾಘಣ್ಣ ಆಕೆಯನ್ನು ಊರ ಹೊರಗಿನ ಆಸ್ಪತ್ರೆಗೆ ಕರೆದೊಯ್ದು ಸೇರಿಸಿದರು. ಡಾಕ್ಟರಿಕೆ ಕಲಿಯುವವರು ಎರಡೆರಡು ತಿಂಗಳು ಬಂದು ಕೆಲಸ ಮಾಡುವ ಆಸ್ಪತ್ರೆ ಅದು. ಅಂದು ವಾರ್ಡಿನಲ್ಲಿದ್ದವಳು ಹಂಸಭಾವಿಯ ಭಾಗ್ಯಶ್ರೀ. ಓದು ಮುಗಿದಿತ್ತು, ಕೈ ಪಳಗಬೇಕಿತ್ತು. ಮುಂಜಾನೆಯಿಂದ ಹದಿನೇಳು ಮಂದಿಯನ್ನು ನೋಡಿದ್ದಳು. ಇಂದಿರಾಬಾಯಿ ಹದಿನೆಂಟನೆಯವರು.

"ಇಂದಿರಾಬಾಯಿ ಅಂದ್ರ ಇವರ ಅಲ್ರಿ?"

"ಹೌದು," ಎಂದರು ರಾಘಣ್ಣ.

"ಯಾವ ಔಷಧಾನೂ ಮೈಗೆ ಆಗಿಬರಾಂಗಿಲ್ಲ ಅಂತ ಏನೂ ಇಲ್ಲಲ್ರಿ ಅಜ್ಜಾರ?"

"ಏನಿಲ್ಲ, ಏನಿಲ್ಲ. ಆಕಿ ಮೈ ಗಟ್ಟಿ ಅದ."

ಮಂಚದ ಮೇಲಿಂದ ಇಂದಿರಾಬಾಯಿ ತಲೆ ಎತ್ತಿದರು. "ಅಲ್ಲವಾ, ಸವಣೂರಾಗ ಒಂದ ಸಲ—"

"ಸವಣೂರು ಆಮ್ಯಾಲೆ," ಎಂದರು ರಾಘಣ್ಣ. "ಮೊದಲ ಕಾಲು ನೋಡ್ಲಿ ಅವರು."

ಭಾಗ್ಯಶ್ರೀ ನಕ್ಕಳು. ಹಾಳೆಯ ಮೇಲೆ "ಅಲರ್ಜಿ: ಇಲ್ಲ" ಎಂದು ಬರೆದಳು. ಪೆನಿಸಿಲಿನ್ ಜಾತಿಯ ಒಂದು ಇಂಜೆಕ್ಷನ್ ಕೊಟ್ಟಳು.

ಐದು ನಿಮಿಷಕ್ಕೆ ಇಂದಿರಾಬಾಯಿಯ ಮೈಮೇಲೆ ದದ್ದು ಎದ್ದವು. ತುಟಿ ಊದಿತು. ಗಂಟಲು ಬಿಗಿಯಿತು. ನಾಡಿ ಕೈಗೆ ಸಿಗದಂತಾಯಿತು. ಸಿಸ್ಟರ್ ಮುಮ್ತಾಜಬೇಗಂ ನೋಡಿದವರೇ ಓಡಿ ಬಂದು, ಇಂತಹ ಹೊತ್ತಿಗೆಂದೇ ಸಿದ್ಧವಿಟ್ಟಿದ್ದ ತಟ್ಟೆಯಿಂದ ಅಡ್ರಿನಲಿನ್ ತೆಗೆದುಕೊಟ್ಟರು. ಭಾಗ್ಯಶ್ರೀ ಅದನ್ನು ತೊಡೆಗೆ ಚುಚ್ಚಿದಳು. ಹಿರಿಯ ಡಾಕ್ಟರ್ ಚನ್ನೇಶ ಬಂದರು. ಆಕ್ಸಿಜನ್ ಹಾಕಿದರು, ಸಲೈನ್ ಓಡಿಸಿದರು. ಅರ್ಧ ತಾಸಿನ ಮೇಲೆ ಇಂದಿರಾಬಾಯಿ ಕಣ್ಣು ಬಿಟ್ಟರು. ರಾಘಣ್ಣ ಗೋಡೆ ಹಿಡಿದು ನಿಂತಿದ್ದರು.

ಜೊತೆಯ ಡಾಕ್ಟರೊಬ್ಬರು ಭಾಗ್ಯಶ್ರೀಯ ಕಿವಿಯಲ್ಲಿ ಹೇಳಿದರು, "ಔಷಧದ ಗುಣ ಅಂತ ಬರದು ಕೈ ತೊಳಕೋ. ಯಾರೂ ಕೇಳಾಂಗಿಲ್ಲ." ಅದು ಸುಳ್ಳೂ ಆಗುತ್ತಿರಲಿಲ್ಲ. ಅನೇಕ ತಪ್ಪುಗಳು ಹೀಗೆ ಅರ್ಧ ನಿಜದ ಹೊದಿಕೆ ಹೊದ್ದು ನೆಮ್ಮದಿಯಾಗಿ ಮಲಗಿರುತ್ತವೆ. ಆದರೆ ಸಂಜೆ ಭಾಗ್ಯಶ್ರೀ ಮಂಚದ ಬಳಿ ಬಂದು ಸ್ಟೂಲಿನ ಮೇಲೆ ಕೂತಳು.

"ಅಜ್ಜಿ, ನಾ ನಿಮ್ಮನ್ನ ಕೇಳಬೇಕಿತ್ತು. ಅಜ್ಜಾರನ್ನ ಕೇಳಿದೆ. ನೀವು ಹೇಳಾಕ ಹೋದ್ರಿ, ನಾ ಕೇಳಲಿಲ್ಲ. ನಂದ ತಪ್ಪಾತ್ರಿ."

ಇಂದಿರಾಬಾಯಿಯ ಮುಖದ ಮೇಲೆ ಇನ್ನೂ ಆಕ್ಸಿಜನ್ ಮಾಸ್ಕ್ ಇತ್ತು. ಹುಡುಗಿಯ ಕೈ ತಟ್ಟಿದರು.

"ಶನಿವಾರ ನಮಗ ಒಂದು ಪಾಠ ಇರತೈತ್ರಿ. ಆ ವಾರ ಎಲ್ಲೆ ತಪ್ಪಿದೆವು ಅಂತ ನಾವ ಹೇಳಿಕೊಂಡು ಕಲಿಯೋದು. ಮುಂದಿನ ಶನಿವಾರ ನೀವು ಬಂದು ನಿಮ್ಮ ಸವಣೂರಿನ ಮಾತು ಪೂರಾ ಹೇಳ್ತೀರೇನು?"

ಇಂದಿರಾಬಾಯಿ ತಲೆಯಾಡಿಸಿದರು. ಮದುವೆಯಾದ ನಲವತ್ತೈದು ವರ್ಷದಲ್ಲಿ ಸವಣೂರಿನ ಮಾತನ್ನು ಪೂರಾ ಹೇಳಲು ಯಾರಾದರೂ ಆಕೆಯನ್ನು ಕರೆದದ್ದು ಅದೇ ಮೊದಲು.

ಬೇರೆ ಔಷಧ ಹಿಡಿಯಿತು. ಕಾಲಿನ ಬಾವು ಇಳಿಯಿತು, ಆಕೆ ಮನೆಗೆ ಬಂದರು. ಮುಮ್ತಾಜಬೇಗಂ ಅದೇ ಓಣಿಯವರು. ಕೆಲಸ ಮುಗಿಸಿ ಹೋಗುವಾಗ ಗಾಯದ ಪಟ್ಟಿ ಬದಲಿಸಲು ಬರುತ್ತಿದ್ದರು. ಅಂಥ ಒಂದು ಸಂಜೆ ರಾಘಣ್ಣ ತಕರಾರು ತೆಗೆದರು.

"ಅಲ್ಲಾ ಸಿಸ್ಟರ್, ತಪ್ಪು ಮಾಡಿ, ಅದಕ್ಕ ಮತ್ತ ಸಭಾ ಕರೀತೀರಿ? ನಮ್ಮ ಕೋರ್ಟಿನ್ಯಾಗ ಇಂಥಾದ್ದು ನೋಡಿಲ್ಲ ನಾ."

"ಕೋರ್ಟಿನ್ಯಾಗ ಯಾರು ಮಾಡಿದ್ರು ಅಂತ ಕೇಳ್ತಾರ್ರಿ ಕಾಕಾ. ನಾವು ಹೆಂಗಾತು ಅಂತ ಕೇಳ್ತೇವಿ. ಯಾರು ಅಂತ ಕೇಳಿದ್ರ ಎಲ್ಲಾರೂ ಬಾಯಿ ಮುಚಗೊಂಡು ಕುಂದರ್ತಾರ. ಮುಂದಿನ ವಾರ ಮತ್ತೊಬ್ಬರ ಮನಿ ಅಜ್ಜಿಗೆ ಅದಾ ಗತಿ."

"ನಾ ಆ ಹುಡುಗಿ ಮ್ಯಾಲೆ ಅರ್ಜಿ ಕೊಡಬೇಕಂತ ಮಾಡೀನಿ."

"ಕೊಡ್ರಿ. ಕೊಡಬ್ಯಾಡ್ರಿ ಅಂತ ಯಾರಂದ್ರು? ಅರ್ಜ್ಯಾಗ 'ಏನಿಲ್ಲ, ಏನಿಲ್ಲ' ಅಂದವರ ಹೆಸರೂ ಹಾಕ್ರಿ ಮತ್ತ."

ರಾಘಣ್ಣ ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

"ಡಾಕ್ಟರ ಮುಂದ ನಾವು ಹೇಳೂದೇನಿರ್ತದ? ಅವರು ಓದಿದವರು," ಎಂದರು ಮೆಲ್ಲಗೆ.

"ಔಷಧದ್ದು ಅವರು ಓದ್ಯಾರ್ರಿ. ಒಳಗಿರೋ ನಮ್ಮ ಚಾಚಿ ಮೈಯಾಗಿಂದು ಯಾವ ಪುಸ್ತಕದಾಗ ಐತಿ? ಅದನ್ನ ಚಾಚೀನ ಹೇಳಬೇಕು."

ಒಳಗಿನ ಕೋಣೆಯಲ್ಲಿ ಇಂದಿರಾಬಾಯಿ ಟ್ರಂಕು ತೆರೆಯುವ ಸಪ್ಪಳ ಕೇಳಿತು.

ಶನಿವಾರ ಔಷಧ ಕೊಡುವ ಕಿಟಕಿಯ ಹಿಂದಿನ ಕೋಣೆಯಲ್ಲಿ ಎಂಟು ಮಂದಿ ಎಳೆಯ ಡಾಕ್ಟರರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಇಂದಿರಾಬಾಯಿ ಮದುವೆಗೆ ಉಡುವ ಇಲಕಲ್ ಸೀರೆ ಉಟ್ಟು ಬಂದಿದ್ದರು. ಕಾವಲಿಗೆಂದು ರಾಘಣ್ಣನೂ ಬಂದಿದ್ದರು. ಚನ್ನೇಶ ಹೇಳಿದರು, "ಭಾಗ್ಯಶ್ರೀ, ಅವತ್ತ ಕೇಳಿದಂಗ ಕೇಳವಾ, ನೋಡೋಣು."

ಭಾಗ್ಯಶ್ರೀ ನಿಂತಳು. "ಯಾವ ಔಷಧಾನೂ ಮೈಗೆ ಆಗಿಬರಾಂಗಿಲ್ಲ ಅಂತ ಏನೂ ಇಲ್ಲಲ್ರಿ?"

"ಏನಿಲ್ಲ, ಏನಿಲ್ಲ," ಎಂದರು ರಾಘಣ್ಣ.

ಕೋಣೆ ಗೊಳ್ಳೆಂದಿತು. ರಾಘಣ್ಣ ಅತ್ತಿತ್ತ ನೋಡಿದರು. ಕಡೆಗೆ ಅವರಿಗೂ ನಗು ಬಂತು, ಆದರೆ ಅದು ಅರ್ಧಕ್ಕೇ ನಿಂತಿತು.

"ನೋಡಿದಿರಿಲ್ಲೋ?" ಎಂದರು ಚನ್ನೇಶ. "'ಇಲ್ಲಲ್ರಿ' ಅಂತ ಕೇಳಿದ್ರ 'ಇಲ್ಲ' ಅಂತನ ಬರತೈತಿ. ನಾವು ಕೇಳಾಂಗಿಲ್ಲ, ಉತ್ತರ ಕೈಯಾಗಿಟ್ಟು ಸಹಿ ಮಾಡಸ್ಕೋತೇವಿ. ನಾನೂ ಹಿಂಗ ಕೇಳೇನಿ, ರಟ್ಟೀಹಳ್ಳಿಯೊಳಗ ಇದ್ದಾಗ. ನಾ ಕೇಳಿದ ಅಜ್ಜ ಉಳೀಲಿಲ್ಲ." ಅವರು ಭಾಗ್ಯಶ್ರೀಯ ಕಡೆ ತಿರುಗಿದರು. "ಈಗ ಬ್ಯಾರೆ ರೀತಿಯಿಂದ ಕೇಳು. ಅವರನ್ನ ಕೇಳು. ಹೆಸರಿನಿಂದ ಶುರು ಮಾಡು. ಹೆಸರು ನೀ ಹೇಳಬ್ಯಾಡ, ಅವರು ಹೇಳ್ಲಿ."

ಭಾಗ್ಯಶ್ರೀ ಕುರ್ಚಿ ಎಳೆದುಕೊಂಡು ಇಂದಿರಾಬಾಯಿಯ ಎದುರು ಕೂತಳು.

"ಅಜ್ಜಿ, ನಿಮ್ಮ ಹೆಸರೇನ್ರಿ?"

ಇಂದಿರಾಬಾಯಿ ಸೆರಗಿನ ಅಂಚು ನೇವರಿಸಿದರು. ಭಾಗ್ಯಶ್ರೀ ಕಾದಳು.

"ಯಾವ ಮನೀದು ಹೇಳ್ಲಿ?" ಎಂದು ಕೇಳಿದರು ಇಂದಿರಾಬಾಯಿ.

ಸುತ್ತ ಬರೆಯುತ್ತಿದ್ದ ಪೆನ್ನುಗಳು ನಿಂತವು.

"ಎರಡೂ ಹೇಳ್ರಿ."

"ಇಲ್ಲೆ ಇಂದಿರಾಬಾಯಿ. ಅಲ್ಲೆ..." ಬಾಗಿಲಾಚೆ ಕೈ ತೋರಿಸಿದರು. "ಅಲ್ಲೆ ಮೃಣಾಲಿನಿ."

"ಯಾವುದಾರ ಔಷಧ ತಗೊಂಡಾಗ ತ್ರಾಸ ಆಗಿತ್ತೇನ್ರಿ? ಯಾವ ಊರಾಗ, ಯಾವಾಗ?"

"ಸವಣೂರಾಗ ಒಂದ ಸಲ," ಎಂದರು ಇಂದಿರಾಬಾಯಿ. ಅಭ್ಯಾಸಬಲದಿಂದ ಅಲ್ಲಿಗೇ ನಿಲ್ಲಿಸಿ ಗಂಡನ ಕಡೆ ನೋಡಿದರು. ರಾಘಣ್ಣ ತುಟಿ ಬಿಗಿಹಿಡಿದು ಕೂತಿದ್ದರು. ಆಕೆ ಮುಂದುವರಿಸಿದರು.

"ನಮ್ಮ ಮಗ ಸುಯಮೀಂದ್ರ ಹುಟ್ಟಿದಾಗ. ಚೊಚ್ಚಲು, ತವರಮನ್ಯಾಗ ಹೆರಿಗಿ. ನಮ್ಮಪ್ಪ ಕರಕೊಂಡು ಹೋಗಿದ್ದ. ಹೆರಿಗಿ ಆದಮ್ಯಾಲೆ ಜ್ವರ ಬಂತು, ಸೂಜಿ ಮಾಡಿದ್ರು. ಹಿಂಗ ಆತು, ಮೈ ತುಂಬ ದದ್ದು, ಉಸಿರು ಸಿಕ್ಕೋತು. ಅಣ್ಣ ಹೊರಗ ನಿಂತು ಹೆಸರು ಹಿಡಿದು ಕರದ ಕರದ. ಅದು ಕಿವಿಗೆ ಬೀಳ್ತಿತ್ತು. ಅದನ್ನ ಹಿಡಕೊಂಡು ತಿರಿಗಿ ಬಂದೆ ನಾ."

ಚೀಲದಿಂದ ಹಳದಿಯಾದ ಒಂದು ಚೀಟಿ ತೆಗೆದು ಕೊಟ್ಟರು. ಅದರಲ್ಲಿ ಅಂದಿನ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು, "ಇವರಿಗೆ ಪೆನಿಸಿಲಿನ್ ಎಂದಿಗೂ ಕೊಡಬಾರದು." ಮೇಲೆ ಹೆಸರು: ಮೃಣಾಲಿನಿ. ತಂದೆ ಮಗಳಿಗೆ ತಾವಿಟ್ಟ ಹೆಸರನ್ನೇ ಬರೆಸಿದ್ದರು. ಇಂದಿರಾಬಾಯಿ ಎಂಬ ಹೆಸರಿನಲ್ಲಿ ಯಾವ ಕಡತ ಹುಡುಕಿದ್ದರೂ ಅದು ಸಿಗುತ್ತಿರಲಿಲ್ಲ. ಅದು ಸಿಗಬಹುದಾಗಿದ್ದ ಜಾಗ ಒಂದೇ, ನಡುವೆ ತುಂಡರಿಸಿದ ಆ ಮಾತು.

ಚೀಟಿ ಕೈಯಿಂದ ಕೈಗೆ ಹೋಯಿತು. ಇನ್ನು ಮುಂದೆ ಹೆಸರನ್ನು ಕಾಯಿಲೆಯವರ ಬಾಯಿಂದಲೇ ಕೇಳುವುದೆಂದೂ, ಮದುವೆಗೆ ಮುಂಚಿನ ಹೆಸರನ್ನೂ ವಿಚಾರಿಸುವುದೆಂದೂ, ಆಗಿಬರದ ಔಷಧವನ್ನು ಹಾಳೆಯ ನೆತ್ತಿಯ ಮೇಲೆ ಕೆಂಪಿನಲ್ಲಿ ಬರೆದು, ಸೂಜಿ ಎತ್ತುವ ಮುನ್ನ ಇನ್ನೊಮ್ಮೆ ಕೇಳುವುದೆಂದೂ ಅಂದು ಠರಾವಾಯಿತು. ರಾಘಣ್ಣ ಅರ್ಜಿಯ ಮಾತು ಎತ್ತಲಿಲ್ಲ.

ಮುಮ್ತಾಜಬೇಗಂ ಒಂದು ಕೆಂಪು ಕಾರ್ಡು ತಂದರು. "ಚಾಚಿ, ಇದನ್ನ ಯಾವಾಗ್ಲೂ ಪರ್ಸಿನ್ಯಾಗ ಇಟಗೋರಿ."

"ಇಲ್ಲೆ ಕೊಡ್ರಿ," ಎಂದು ರಾಘಣ್ಣ ಕಾರ್ಡು ಕಸಿದುಕೊಂಡರು. "ಆಸ್ಪತ್ರ್ಯಾಗಿನವರ ಅಕ್ಷರ ಆಮ್ಯಾಲೆ ಯಾರು ಓದೋರು?"

ಹೆಸರು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಒಮ್ಮೆ ಅಕ್ಕಿಯಲ್ಲಿ ಒಂದು ಹೆಸರು ಬರೆದ ಕೈ ಅದು, ಆಗ ಇಷ್ಟು ಹೊತ್ತು ಹಿಡಿದಿರಲಿಲ್ಲ. ಮೊದಲು ಮೃಣಾಲಿನಿ ಎಂದು ಬರೆದರು. ಕೆಳಗೆ ಇಂದಿರಾಬಾಯಿ. ಅದರ ಕೆಳಗೆ ಪೆನಿಸಿಲಿನ್ ಆಗಿಬರುವುದಿಲ್ಲ. ಬರೆದದ್ದನ್ನು ಒಮ್ಮೆ ಓದಿ ಹೇಳುವುದು ಗುಮಾಸ್ತರ ರೂಢಿ. ಓದಿದರು, "ಮೃಣಾಲಿನಿ..."

"ಸರಿ ಕೇಳಸಲಿಲ್ರಿ," ಎಂದರು ಆಕೆ. "ಇನ್ನೊಮ್ಮೆ ಓದ್ರಿ."

ಆಕೆಯ ಕಿವಿಗೆ ಏನೂ ಆಗಿರಲಿಲ್ಲ. ಕೇಸಿನ ಹಾಳೆಯಲ್ಲಿ ಹಾಗೆಂದು ದಾಖಲೆಯೇ ಇದೆ. ರಾಘಣ್ಣ ಮತ್ತೆ ಓದಿದರು, ಈ ಸಲ ಕಾರ್ಡು ನೋಡದೆ.

ಓದುತ್ತಿರುವ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಿಮ್ಮ ಮನೆಯಲ್ಲೂ ಹೀಗೊಂದು ಹಳೆಯ ಚೀಟಿ ಟ್ರಂಕಿನ ತಳದಲ್ಲಿರಬಹುದು. ಇಂದೇ ಹುಡುಕಿ. ಆಗಿಬರದ ಔಷಧದ ಹೆಸರು, ನಿಮ್ಮ ಎರಡೂ ಹೆಸರು ಬರೆದು ಜೊತೆಗಿಟ್ಟುಕೊಳ್ಳಿ. ಡಾಕ್ಟರು ಕೇಳದಿದ್ದರೂ ಹೇಳಿ. ನಡುವೆ ತಡೆದರೆ ಮತ್ತೆ ಹೇಳಿ. ಜೊತೆಗೆ ಹೋದವರು ಒಂದು ನಿಮಿಷ ಬಾಯಿಗೆ ಬಿಡುವು ಕೊಡಿ. ಡಾಕ್ಟರಿಕೆ ಕಲಿಯುತ್ತಿರುವ ಮಕ್ಕಳೆ, ನೀವು ತಪ್ಪಿದರೆ ಮುಚ್ಚಿಡಬೇಡಿ, ಶನಿವಾರದ ತನಕವೂ ಕಾಯದೆ ಹೇಳಿ. ಮಂಚದ ಮೇಲಿನ ಅಜ್ಜಿ ತನ್ನ ತವರೂರಿನಿಂದ ಮಾತು ಶುರು ಮಾಡಿದರೆ ಗಡಿಯಾರ ನೋಡಬೇಡಿ. ಆಕೆ ಆ ಊರು ಮುಟ್ಟಲಿ. ನಿಮಗೆ ಬೇಕಾದದ್ದು ಅಲ್ಲೇ ಇರಬಹುದು.